ಕಣ್ಣಿನ ಡಾಕ್ಟ್ರನ್ನ ಕೇಳಿ: ಈ ಭಾನುವಾರದ ಪ್ರಶ್ನೋತ್ತರ

ಕುಮಟಾದಿಂದ ಒಬ್ಬರು ತಾಯಿ: ಡಾಕ್ಟ್ರೇ ನಮಸ್ಕಾರ, ನಮ್ಮ ಮಾಣಿಗೆ ಐದೂವರೆ ವರ್ಷ, ಎಡಗಣ್ಣು ಮಂಜು ಅಂತ ಶಾಲೆಲಿ ಚೆಕ್ ಮಾಡ್ದಾಗ ಗೊತ್ತಾಯ್ತು, ಚಷ್ಮಾ ಹಾಕಿದ್ರೂ ಆ ಕಣ್ಣಲ್ಲಿ ಮೇಲಿನ ಎರಡು ಸಾಲು ಬಿಟ್ಟು ಓದೂದಿಲ್ಲ. ಒಳಗೆಲ್ಲ ನೋಡಿ ಕಣ್ಣು ಚೊಲೋ ಇದೆ ಅಂದ್ರು. ಚೊಲೋ ಇದ್ರೆ ಕಾಣೂದಿಲ್ಲ ಯಾಕೆ? ಹತ್ತು ವರ್ಷ ಆಗ್ಲಿ, ತನ್ನಷ್ಟಕ್ಕೆ ಸರಿ ಆಗ್ತದೆ ಅಂತಾರೆ ಅತ್ತೆ.

ಡಾಕ್ಟ್ರು: ಹತ್ತು ವರ್ಷ ಕಾಯಲೇಬೇಡಿ ತಂಗಿ. ಇದು ಸೋಮಾರಿ ಕಣ್ಣು ಇರಬಹುದು. ಕಣ್ಣು ಬೆಳಕು ಹಿಡಿದು ಕಳಿಸ್ತದೆ ಅಷ್ಟೇ, ನೋಡೋದು ತಲೆ ಹಿಂಬದಿಯ ಮಿದುಳು. 1958ರಲ್ಲಿ ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್, ಟಾರ್ಸ್ಟೆನ್ ವೀಸೆಲ್ ಅಂತ ಇಬ್ಬರು ಬೆಕ್ಕಿನ ಮಿದುಳಿನ ಆ ಭಾಗಕ್ಕೆ ಸಪೂರ ತಂತಿ ಇಟ್ಟು ಎಷ್ಟು ಚುಕ್ಕಿ ತೋರ್ಸಿದ್ರೂ ನರಕೋಶ ಜಪ್ಪಯ್ಯ ಅನ್ಲಿಲ್ಲ, ಆಮೇಲೆ ಗಾಜಿನ ಸ್ಲೈಡ್ ತೂರಿಸುವಾಗ ಅದರ ಅಂಚಿನ ನೆರಳು ಓರೆಯಾಗಿ ಸರಿದು ಹೋಯ್ತು ನೋಡಿ, ಪಟಪಟ ಸಿಗ್ನಲ್ ಶುರು! ಅದಕ್ಕೆ ಬೇಕಿದ್ದದ್ದು ಗೆರೆ, ಅದೂ ಇಂಥದೇ ಓರೆಯದ್ದು. ಬೇರೆ ಕೋಶಕ್ಕೆ ಬೇರೆ ಓರೆ. ಕೆಲವಕ್ಕೆ ಗೆರೆ ಬೀಳೋ ಜಾಗನೂ ಕರೆಕ್ಟ್ ಆಗಬೇಕು, ಕೆಲವು ತಮ್ಮ ಹದ್ದಿನೊಳಗೆ ಎಲ್ಲಿದ್ರೂ ಒಪ್ಕೊಳ್ತವೆ. ಹೆಚ್ಚಿನವು ಎರಡೂ ಕಣ್ಣಿಗೆ ಸ್ಪಂದಿಸ್ತವೆ.

ಈಗ ನಿಮ್ಮ ಮಾಣಿ ವಿಷಯ. ಅವರೇ 1963ರಲ್ಲಿ ಬರೆದ್ರು, ಎಳೇ ಬೆಕ್ಕಿನಮರಿಯ ಒಂದು ಕಣ್ಣಿನ ರೆಪ್ಪೆ ಹೊಲಿದು ಎರಡು ಮೂರು ತಿಂಗಳು ಬಿಟ್ಟು ಬಿಚ್ಚಿದ್ರೆ ಕೋಶಗಳೆಲ್ಲ ಹೆಚ್ಚುಕಮ್ಮಿ ತೆರೆದಿದ್ದ ಕಣ್ಣಿನ ಪಾರ್ಟಿ ಸೇರಿಬಿಟ್ಟಿದ್ವು. ದೊಡ್ಡ ಬೆಕ್ಕಿಗೆ ಹಾಗೇ ಮಾಡಿದ್ರೆ ಏನೂ ಆಗ್ಲಿಲ್ಲ. ಮಕ್ಕಳಲ್ಲೂ ಒಂದು ಕಣ್ಣಿನ ಚಿತ್ರ ಮಸುಕಾಗಿದ್ರೆ ಮಿದುಳು ಅದನ್ನ ಕಡೆಗಣಿಸ್ತದೆ. ಮೊದಲು ಸರಿಯಾದ ಚಷ್ಮಾ, ಸಾಲದಿದ್ರೆ ಚೆನ್ನಾಗಿ ಕಾಣೋ ಕಣ್ಣನ್ನ ದಿನಾ ಇಷ್ಟು ಹೊತ್ತು ಅಂತ ಪಟ್ಟಿ ಹಾಕಿ ಮುಚ್ಚೋದು, ಆಗ ಮಿದುಳು ಸೋಮಾರಿ ಕಣ್ಣನ್ನ ಬಳಸಲೇಬೇಕಾಗ್ತದೆ. ಏಳರೊಳಗೆ ಶುರು ಮಾಡಿದ್ರೆ ಚೆನ್ನಾಗಿ ಸುಧಾರಿಸ್ತದೆ, ಆಮೇಲೆ ಕಷ್ಟ ಜಾಸ್ತಿ, ಫಲ ಕಮ್ಮಿ. ಡ್ರಾಪ್ಸ್ ಹಾಕಿ ನಂಬರ್ ತೆಗೆದಿದ್ದಾರಾ? ಚಷ್ಮಾ ಎಷ್ಟು ದಿನದಿಂದ?

ಹೊನ್ನಾವರದವರು: ಕ್ಯಾರೆಟ್ ಜ್ಯೂಸ್ ಕುಡಿದ್ರೆ ನಂಬರ್ ಹೋಗ್ತದಾ ಸರ್?

ಡಾಕ್ಟ್ರು: ಇಲ್ಲ.

ಸಿದ್ದಾಪುರದವರು: *ಫಾರ್ವರ್ಡ್* ನಂದಿಬಟ್ಟಲು ಹೂವಿನ ರಸ ದಿನಾ ಎರಡು ಹನಿ, 21 ದಿನದಲ್ಲಿ ಚಷ್ಮಾ ಬಿಸಾಡಿ!! ಎಲ್ಲರಿಗೂ ಕಳಿಸಿ 🙏

ಡಾಕ್ಟ್ರು: ದಯವಿಟ್ಟು ಯಾರೂ ಹಾಕ್ಬೇಡಿ. ಅಡಿಕೆ ಸಿಪ್ಪೆ, ಭತ್ತದ ಎಲೆ ತಾಗಿ ಗಾಯ ಆದ ಕಣ್ಣಿಗೆ ಇಂಥ ರಸ ಬಿಟ್ಕೊಂಡು, ಫಂಗಸ್ ಹಿಡಿದು ಕರಿಗುಡ್ಡೆ ಬೆಳ್ಳಗಾದ ಮೇಲೆ ಬರ್ತಾರೆ, ಆಗ ನಾನೇನು ಮಾಡ್ಲಿ? ಹೋದ ತಿಂಗಳೂ ಇದೇ ಮೆಸೇಜು, ಇದೇ ಉತ್ತರ.

ಶಿರಸಿಯವರು: ಅಲ್ಲ ಡಾಕ್ಟ್ರೇ, ಬೆಕ್ಕಿನಮರಿ ಕಣ್ಣು ಹೊಲಿಯೋದು ಅಂದ್ರೆ ಎಂಥಾ ಪಾಪ! ಅದಕ್ಕೆ ನೊಬೆಲ್ ಬೇರೆ ಕೊಟ್ರಾ?

ಅಂಕೋಲಾ ಮಾಸ್ತರು: ಹೌದು, 1981ರಲ್ಲಿ. ಅದರಿಂದ್ಲೇ ಎಷ್ಟು ಮಕ್ಕಳ ಕಣ್ಣು ಉಳೀತು ಲೆಕ್ಕ ಹಾಕಿ.

ಶಿರಸಿಯವರು: ಮೀನು ತಿನ್ನೋ ಊರವರಿಗೆ ಬೆಕ್ಕಿನ ನೋವು ಎಲ್ಲಿ ಗೊತ್ತಾಗ್ತದೆ ಬಿಡಿ.

ಅಂಕೋಲಾ ಮಾಸ್ತರು: ನಿಮ್ಮ ತೋಟದಲ್ಲಿ ಮಂಗಕ್ಕೆ ಕೋವಿ ಹಿಡಿದು ಓಡೋವಾಗ ಪಾಪ ಎಲ್ಲಿ ಹೋಗ್ತದೆ ಮಾರಾಯ್ರೇ?

ಕಾರವಾರದವರು: ಅಡ್ಮಿನ್ ಇದ್ದಾರಾ ಇಲ್ಲಾ? ನನ್ನ ಶುಗರ್ ಪ್ರಶ್ನೆ ಬೆಳಿಗ್ಗೆಯಿಂದ ಹಾಗೇ ಬಿದ್ದದೆ.

ಯಲ್ಲಾಪುರದವರು: ಡಾಕ್ಟ್ರೇ, ನಂಗೆ ತಲೆನೋವು ಬರೂಕಿಂತ ಮೊದಲು ಗರಗಸದ ಹಲ್ಲಿನಂಥ ಹೊಳೆಯೋ ಗೆರೆ ಕಾಣ್ತದೆ, ಅರ್ಧ ತಾಸಲ್ಲಿ ಹೋಗ್ತದೆ, ಕಣ್ಣು ಮುಚ್ಚಿದ್ರೂ ಇರ್ತದೆ.

ಡಾಕ್ಟ್ರು: ಮೈಗ್ರೇನ್ ಇದ್ದ ಹಾಗಿದೆ, ಗೆರೆ ಹುಟ್ಟೋದು ಅದೇ ಹಿಂಬದಿ ಮಿದುಳಲ್ಲಿ. ಕಾರ್ಲ್ ಲ್ಯಾಶ್ಲಿ ಅನ್ನೋರು ತಮಗೇ ಕಾಣ್ತಿದ್ದ ಗೆರೆಯ ಚಿತ್ರ ಬಿಡಿಸಿ, ಇದು ಮಿದುಳಿನ ಮೇಲೆ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ಹರೀತದೆ ಅಂತ 1941ರಲ್ಲೇ ಲೆಕ್ಕ ಹಾಕಿದ್ರು. ಆಗ ಓರೆಗೆರೆಯ ಕೋಶದ ಸುದ್ದಿನೇ ಇರ್ಲಿಲ್ಲ! ಆದ್ರೆ ಐವತ್ತು ದಾಟಿ ಮೊದಲ ಸಲ ಬಂದ್ರೆ, ಇಲ್ಲಾ ಮಾತು ತೊದಲಿ ಕೈ ಸೋತ್ರೆ, ಗ್ರೂಪಲ್ಲಿ ಕೇಳ್ತಾ ಕೂರ್ಬೇಡಿ, ಸೀದಾ ಆಸ್ಪತ್ರೆ.

ಭಟ್ಕಳದವರು: ಕ್ಯಾರೆಟ್ ಬದಲು ನುಗ್ಗೆಸೊಪ್ಪು?

ಡಾಕ್ಟ್ರು: ಊಟಕ್ಕೆ ಒಳ್ಳೇದು. ನಂಬರ್ ಹೋಗೂದಿಲ್ಲ. ಮೇಲೆ ಓದಿ.

ಸಿದ್ದಾಪುರದವರು: ನಮ್ಮ ಅಜ್ಜಿ ತೊಂಬತ್ತರಲ್ಲೂ ಸೂಜಿಗೆ ದಾರ ಪೋಣಿಸ್ತಿದ್ರು, ಅವರು ಯಾವ ಡಾಕ್ಟ್ರ ಹತ್ರ ಹೋಗಿದ್ರು?

ಡಾಕ್ಟ್ರು: ಅಜ್ಜಿಗೆ ನಮಸ್ಕಾರ. ನೀವು ಫಾರ್ವರ್ಡ್ ಡಿಲೀಟ್ ಮಾಡಿ.

ಕುಮಟಾದ ತಾಯಿ: ಡ್ರಾಪ್ಸ್ ಹಾಕಿರ್ಲಿಲ್ಲ ಡಾಕ್ಟ್ರೇ. ಚಷ್ಮಾ ಶಾಲೆಗೆ ಹೋಗುವಾಗ ಮಾತ್ರ ಹಾಕ್ತಾನೆ.

ಡಾಕ್ಟ್ರು: ಎದ್ದಾಗಿಂದ ಮಲಗೋವರೆಗೆ ಹಾಕ್ಬೇಕು. ಡ್ರಾಪ್ಸ್ ಹಾಕಿ ಇನ್ನೊಮ್ಮೆ ನಂಬರ್ ತೆಗೆಸಿ, ಇದೇ ವಾರ. ಹಳೇ ಚೀಟಿ ತಗೊಂಡು ಹೋಗಿ, ಅತ್ತೆಯವರನ್ನೂ ಕರ್ಕೊಂಡು ಹೋಗಿ.

ಹಳಿಯಾಳದವರು: ಅಪ್ಪಂಗೆ ಪೊರೆ ಆಪರೇಶನ್ ಮಳೆಗಾಲದಲ್ಲಿ ಮಾಡ್ಸಬಹುದಾ?