ಕ್ಯಾಲಿಫೋರ್ನಿಯಾದ ಸ್ಯಾಂಟಾ ಕ್ಲಾರಾ ಕೌಂಟಿಯಲ್ಲಿ ಅರೆಸ್ಟ್ ಆಗಿ ಕೇಸ್ ಹಾಕಿಲ್ಲ: ರೆಕಾರ್ಡ್ ಎಲ್ಲಿ ನೋಡೋದು, ಹೇಗೆ ಸೀಲ್ ಮಾಡಿಸೋದು?

ತುಂಗಾತೀರ:
ತಮ್ಮನ ಪರವಾಗಿ ಕೇಳ್ತಿದ್ದೀನಿ. ಕ್ಯುಪರ್ಟಿನೋದಲ್ಲಿ 2023ರ ಮಾರ್ಚ್‌ನಲ್ಲಿ ಅರೆಸ್ಟ್. ಬುಕಿಂಗ್ ಹಾಳೆಯಲ್ಲಿ ಪೀನಲ್ ಕೋಡ್ 273.5, ಅಂದರೆ ಗಂಡ-ಹೆಂಡಿರ ಜಗಳದ ಸೆಕ್ಷನ್. ಮಾರನೇ ದಿನ ಬಿಡುಗಡೆ, ಡಿಎ (ಸರ್ಕಾರಿ ಪ್ರಾಸಿಕ್ಯೂಟರ್) ಆಫೀಸಿನವರು ಕೇಸ್ ಹಾಕಲಿಲ್ಲ. ಕೋರ್ಟಿನ ವೆಬ್‌ಸೈಟಲ್ಲಿ ಹುಡುಕಿದರೆ ಏನೂ ಸಿಗಲ್ಲ, ಆದರೆ ಹೊಸ ಕೆಲಸದ ಬ್ಯಾಕ್‌ಗ್ರೌಂಡ್ ಚೆಕ್ ರಿಪೋರ್ಟಲ್ಲಿ ಬಂದಿದೆ. ಎಚ್-1ಬಿ ಕೆಲಸದ ವೀಸಾ ಮೇಲಿದ್ದಾನೆ, ಗ್ರೀನ್ ಕಾರ್ಡ್ ಅರ್ಜಿ ಐ-485 ಇನ್ನೂ ಹಾಕಿಲ್ಲ.
ರೆಕಾರ್ಡ್ ನಿಜಕ್ಕೂ ಎಲ್ಲಿರುತ್ತೆ? ಅಳಿಸೋಕೆ ಆಗುತ್ತಾ? ಗ್ರೀನ್ ಕಾರ್ಡ್ ಅರ್ಜಿಗೆ ಮುಂಚೆಯೇ ಮುಗಿಸಿಬಿಡೋದು ಒಳ್ಳೇದಾ?

ಬೆಣ್ಣೆದೋಸೆ_408:
ಕೋರ್ಟ್ ಪೋರ್ಟಲಲ್ಲಿ ಬರಲಿಲ್ಲ ಅನ್ನೋದರಲ್ಲಿ ಆಶ್ಚರ್ಯ ಏನಿಲ್ಲ. ಕೇಸೇ ಹಾಕದಿದ್ದ ಮೇಲೆ ಕೋರ್ಟಿನಲ್ಲಿ ಫೈಲು ಎಲ್ಲಿಂದ ಬರಬೇಕು? ಅರೆಸ್ಟ್ ರೆಕಾರ್ಡ್ ಇರೋದು ಬೇರೆ ಮೂರು ಕಡೆ: ಹಿಡಿದ ಪೊಲೀಸ್ ಏಜೆನ್ಸಿ, ಸ್ಯಾಕ್ರಮೆಂಟೋದ ಕ್ಯಾಲಿಫೋರ್ನಿಯಾ ಡಿಒಜೆ (ರಾಜ್ಯದ ನ್ಯಾಯ ಇಲಾಖೆ), ಮತ್ತೆ ಎಫ್‌ಬಿಐ. ಬೆರಳಚ್ಚು ಕೊಟ್ಟ ಕ್ಷಣವೇ ಅದು ಮೂರೂ ಕಡೆ ಹೋಗುವ ದಾರಿ ಹಿಡಿದಿರುತ್ತೆ.

ಇಷ್ಟಾದರೂ ಕೋರ್ಟಿನಲ್ಲಿ ಒಂದು ಸಲ ಸರಿಯಾಗಿ ಹುಡುಕಿಸಿ, ಯಾಕಂದ್ರೆ ನಮ್ಮ ಹೆಸರುಗಳ ಕಥೆ ಗೊತ್ತಲ್ಲ. ಪಾಸ್‌ಪೋರ್ಟಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟಿದ್ದರೆ ವೀಸಾದಲ್ಲಿ ಇಡೀ ಹೆಸರು ಸರ್‌ನೇಮಿಗೆ ಹೋಗಿ, ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಕೂತಿರುತ್ತೆ. ಬುಕಿಂಗ್ ಮಾಡುವಾಗ ಯಾವ ಕಾರ್ಡ್ ನೋಡಿದರೋ ಆ ಹೆಸರೇ ಒಳಗೆ ಹೋಗೋದು. ಅಪ್ಪನ ಹೆಸರು ಮುಂದೆ, ಅಪ್ಪನ ಹೆಸರು ಹಿಂದೆ, ಎಫ್‌ಎನ್‌ಯು ಸೇರಿಸಿ, ಮಂಜುನಾಥ್‌ನಲ್ಲಿ ಕೊನೆಗೊಂದು 'ಎ' ಸೇರಿಸಿ, ಸೇರಿಸದೆ, ಹೀಗೆ ಎಲ್ಲ ತರಹ ಹಾಕಿ ನೋಡಿ. ಮೊದಲು ಹುಟ್ಟಿದ ತಾರೀಕಿನಿಂದಲೂ ಸೋಸಬಹುದಿತ್ತು. 2021ರಲ್ಲಿ ರಿವರ್‌ಸೈಡ್ ಕೌಂಟಿ ಕೋರ್ಟಿನ ಮೇಲೆ ಬಂದ ತೀರ್ಪಿನ ನಂತರ ಕ್ಯಾಲಿಫೋರ್ನಿಯಾ ಕೋರ್ಟುಗಳು ಆ ಅನುಕೂಲ ತೆಗೆದವು. ಕ್ರಿಮಿನಲ್ ಫೈಲಿನ ಒಳಗಿನ ಕಾಗದಗಳೂ ಆನ್‌ಲೈನಲ್ಲಿ ಸಿಗಲ್ಲ. ಸ್ಯಾನ್ ಹೋಸೆಯಲ್ಲಿ 190 ವೆಸ್ಟ್ ಹೆಡ್ಡಿಂಗ್ ಬೀದಿಯ ಹಾಲ್ ಆಫ್ ಜಸ್ಟಿಸ್ ಕೌಂಟರಿಗೇ ಹೋಗಬೇಕು.

ರಾಜ್ಯದ ರೆಕಾರ್ಡ್ ತರಿಸೋದು ಹೀಗೆ. ಲೈವ್ ಸ್ಕ್ಯಾನ್ (ಡಿಜಿಟಲ್ ಬೆರಳಚ್ಚು) ಸೆಂಟರಿಗೆ ಬಿಸಿಐಎ 8016ಆರ್‌ಆರ್ ಫಾರ್ಮ್ ತಗೊಂಡು ಹೋಗಿ. ಕೊನೆಯ ಆ ಎರಡು 'ಆರ್' ಮುಖ್ಯ, ಅದು 'ರೆಕಾರ್ಡ್ ರಿವ್ಯೂ' ಅಂತ. ಬರೀ 8016 ಕೆಲಸ, ಲೈಸೆನ್ಸ್‌ಗೆ ಬಳಸೋದು, ಅದರ ಉತ್ತರ ನಿಮಗೆ ಬರಲ್ಲ. ಡಿಒಜೆ ಶುಲ್ಕ 25 ಡಾಲರ್, ಬೆರಳಚ್ಚು ತೆಗೆಯೋರ ಚಾರ್ಜು ಬೇರೆ. ಎಫ್‌ಬಿಐದು ಬೇಕಂದ್ರೆ ಪ್ರತ್ಯೇಕ ಅರ್ಜಿ, 18 ಡಾಲರ್.

ಹಾಳೆ ಬಂದಾಗ 'ಎಆರ್‌ಆರ್/ಡಿಇಟಿ/ಸಿಐಟಿಇ' ಅನ್ನೋ ಸಾಲು ಹುಡುಕಿ, ಅದೇ ಅರೆಸ್ಟ್. ಅದರ ಕೆಳಗೆ 'ಡಿಸ್ಪೋ' ಅನ್ನೋ ಸಾಲು ಇರಬೇಕು, ಅಂದರೆ ಕೊನೆಗೆ ಏನಾಯ್ತು ಅನ್ನೋದು. ಡಿಸ್ಪೋ ಇಲ್ಲದೆ ಅರೆಸ್ಟ್ ಒಂದೇ ನೇತಾಡ್ತಿದ್ದರೆ ಓದಿದೋರಿಗೆ ಕೇಸ್ ಇನ್ನೂ ನಡೀತಿದೆ ಅನ್ನಿಸುತ್ತೆ. ಬಿಸಿಐಎ 8706 ಫಾರ್ಮಿನ ಜೊತೆ ಡಿಎ ಪತ್ರ ಲಗತ್ತಿಸಿ ಡಿಒಜೆಗೆ ಕಳಿಸಿ ತಿದ್ದಿಸಿ.

ಕಡ್ಡಿಮುರಿದಂಗೆ:
ಸೀಲಿಂಗ್‌ಗೆ, ಅಂದರೆ ರೆಕಾರ್ಡನ್ನು ಸಾರ್ವಜನಿಕರಿಗೆ ಕಾಣದಂತೆ ಮುಚ್ಚಿಸೋಕೆ, ಪೀನಲ್ ಕೋಡ್ 851.91. 2018ರ ಜನವರಿ 1ರಿಂದ ಜಾರಿಯಲ್ಲಿದೆ. ಶಿಕ್ಷೆ ಆಗದ ಅರೆಸ್ಟನ್ನು ಸೀಲ್ ಮಾಡಿಸೋದು ಬಹುತೇಕ ಹಕ್ಕು, ಜಡ್ಜ್ ದಯೆ ಅಲ್ಲ. ಫಾರ್ಮ್ ಸಿಆರ್-409. 273.5 ವಾಬ್ಲರ್, ಅಂದರೆ ಫೆಲನಿನೂ (ಗಂಭೀರ ಅಪರಾಧ) ಆಗಬಹುದು, ಮಿಸ್‌ಡಿಮೀನರೂ (ಸಣ್ಣ ಅಪರಾಧ) ಆಗಬಹುದು. ಅದಕ್ಕೆ ಕಾಲಮಿತಿ 3 ವರ್ಷ. ಮಾರ್ಚ್ 2026 ದಾಟಿದ್ದರೆ ಹಾಕಬಹುದು.

ಹೆಡ್ಡಿಂಗ್‌ಬೀದಿ:
ಮೇಲಿನೋರು ಹೇಳಿದ್ದರಲ್ಲಿ ಸೆಕ್ಷನ್ ಸರಿ, ವರ್ಷ ತಪ್ಪು. ಅರ್ಜಿ ಬಿದ್ದುಹೋಗೋದೇ ಇಲ್ಲಿ, ಅದಕ್ಕೆ ಬಿಡಿಸಿ ಹೇಳ್ತೀನಿ.

ಕೇಸ್ ಹಾಕದ ಅರೆಸ್ಟಿಗೆ 851.91 ಬೇಕಂದ್ರೆ, ಅರೆಸ್ಟ್ ಆದ ಪ್ರತಿಯೊಂದು ಸೆಕ್ಷನ್ನಿನ ಕಾಲಮಿತಿಯೂ ಮುಗಿದಿರಬೇಕು. ಡಿಎ ಕೈಬಿಟ್ಟರು ಅನ್ನೋದೊಂದೇ ಸಾಲದು. ನಾಳೆ ಮನಸ್ಸು ಬದಲಾಯಿಸಿ ಹಾಕೋಕೆ ದಾರಿ ಇರಬಾರದು. ಸಾಮಾನ್ಯ ಮಿಸ್‌ಡಿಮೀನರಿಗೆ 1 ವರ್ಷ, ಸಾಮಾನ್ಯ ವಾಬ್ಲರಿಗೆ 3. ಆದರೆ 273.5ಕ್ಕೆ 803.7 ಅನ್ನೋ ಪ್ರತ್ಯೇಕ ಸೆಕ್ಷನ್ ಇದೆ. 2020ರ ಜನವರಿ 1ರಿಂದ ಅದರ ಕಾಲಮಿತಿ 5 ವರ್ಷ ಇತ್ತು, 2025ರ ಜನವರಿ 1ರಿಂದ 7 ವರ್ಷ, ಆ ದಿನಕ್ಕೆ ಕಾಲಮಿತಿ ಮುಗಿಯದ ಹಳೇ ಘಟನೆಗಳಿಗೂ. ಹಾಗಾಗಿ ನಿಮ್ಮ ತಮ್ಮನಿಗೆ ಇದು ತೆರೆಯೋದು ಮಾರ್ಚ್ 2030ರಲ್ಲಿ. ಅದೇ 243(ಇ)(1), ಅಂದರೆ ಸಂಗಾತಿ ಮೇಲೆ ಕೈಮಾಡಿದ ಮಿಸ್‌ಡಿಮೀನರ್, ಅಂತ ಬುಕ್ ಮಾಡಿದ್ದರೆ ಒಂದೇ ವರ್ಷಕ್ಕೆ ಮುಗಿದಿರುತ್ತಿತ್ತು. ಎರಡೂ ಸೆಕ್ಷನ್ ಒಟ್ಟಿಗೆ ಇದ್ದರೆ ಉದ್ದದ್ದೇ ಲೆಕ್ಕ. ಆದ್ದರಿಂದ ಬುಕಿಂಗ್ ಹಾಳೆಯಲ್ಲಿರೋ ಸೆಕ್ಷನ್ನನ್ನು ನೆನಪಿನಿಂದ ಬರೀಬೇಡಿ, ಡಿಒಜೆ ಹಾಳೆ ನೋಡಿ ಬರೀರಿ.

ಡೊಮೆಸ್ಟಿಕ್ ವಯಲೆನ್ಸ್ ಅಂದರೆ ಹಕ್ಕಾಗಿ ಸಿಗಲ್ಲ ಅಂತ ಕೆಲವರು ಹೆದರಿಸ್ತಾರೆ. ಆ ನಿರ್ಬಂಧ ಪದೇ ಪದೇ ಆದವರಿಗೆ: ಎರಡು ಅಥವಾ ಹೆಚ್ಚು ಶಿಕ್ಷೆ, ಇಲ್ಲವೇ ಐದು ಅಥವಾ ಹೆಚ್ಚು ಅರೆಸ್ಟ್. ಒಂದೇ ಅರೆಸ್ಟ್ ಅದಕ್ಕೆ ಬರಲ್ಲ.

2030ರ ತನಕ ಕೈಕಟ್ಟಿ ಕೂರಬೇಕಿಲ್ಲ. ಕೇಸ್ ಹಾಕದೆ ಬಿಟ್ಟ ಅರೆಸ್ಟನ್ನು 849.5 ಪ್ರಕಾರ ಅರೆಸ್ಟ್ ಅಂತ ಅನ್ನೋ ಹಾಗಿಲ್ಲ, ಅದು 'ಡಿಟೆನ್ಷನ್' ಮಾತ್ರ. ಹಿಡಿದ ಏಜೆನ್ಸಿ 851.6 ಕೆಳಗೆ ಅದಕ್ಕೊಂದು ಸರ್ಟಿಫಿಕೇಟ್ ಕೊಡಬೇಕು. ಕೇಳದೆ ಯಾರೂ ಮನೆಗೆ ತಂದುಕೊಡಲ್ಲ. ಈಗಲೇ ಬರೆದು ಕೇಳಿ, ಬುಕಿಂಗ್ ಹಾಳೆಯ ಪಿಎಫ್‌ಎನ್ (ಕೌಂಟಿ ಕೊಡುವ ವೈಯಕ್ತಿಕ ಫೈಲ್) ನಂಬರ್ ಹಾಕಿ.

ಇನ್ನೊಂದು ದಾರಿ 851.8, 'ಫ್ಯಾಕ್ಚುಯಲ್ ಇನೊಸೆನ್ಸ್'. ಗೆದ್ದರೆ ಅರೆಸ್ಟೇ ನಡೆದಿಲ್ಲ ಅಂತ ಲೆಕ್ಕ, ಅರೆಸ್ಟ್ ದಿನದಿಂದ 3 ವರ್ಷ ಆದಮೇಲೆ ಕಾಗದವನ್ನೇ ನಾಶ ಮಾಡ್ತಾರೆ. ಆದರೆ ಹಿಡಿಯೋಕೆ ಸಕಾರಣವೇ ಇರಲಿಲ್ಲ ಅಂತ ನೀವೇ ತೋರಿಸಬೇಕು. 'ಸಾಕ್ಷಿ ಸಾಲಲಿಲ್ಲ' ಅನ್ನೋದು ಇಲ್ಲಿ ನಡೆಯಲ್ಲ. ಅರ್ಜಿ ಮೊದಲು ಏಜೆನ್ಸಿಗೆ, ನಕಲು ಡಿಎಗೆ; ಕಾಲಮಿತಿ ಮುಗಿದ ಮೇಲೆ (ಅದಾಗಲೇ ಮುಗಿದಿದ್ದರೆ ಅರ್ಜಿ ತಲುಪಿದ ಮೇಲೆ) 60 ದಿನದಲ್ಲಿ ಉತ್ತರ ಬರದಿದ್ದರೆ ತಿರಸ್ಕಾರ ಅಂತ ಭಾವಿಸಿ ಕೋರ್ಟಿಗೆ. ಅರೆಸ್ಟ್ ಆಗಿ 2 ವರ್ಷದೊಳಗೆ ಹಾಕಬೇಕಿತ್ತು. ತಡಕ್ಕೆ ಗಟ್ಟಿ ಕಾರಣ ಇಲ್ಲದಿದ್ದರೆ ನಾನಂತೂ ಇದಕ್ಕೆ ದುಡ್ಡು ಸುರೀರಿ ಅನ್ನಲ್ಲ.

ಕಡ್ಡಿಮುರಿದಂಗೆ:
803.7 ನೋಡಿದೆ, ಹೌದು ಈಗ 7 ವರ್ಷ. ನನ್ನ ಉತ್ತರ ತಿದ್ದಿಕೊಳ್ಳಿ.

ಅರಳಿಕಟ್ಟೆ:
ಮೂರನೇ ಪ್ರಶ್ನೆಗೆ ಯಾರೂ ಬಂದಿಲ್ಲ, ನನ್ನ ಪ್ರಕಾರ ನಿಮಗೆ ಮುಖ್ಯವಾದದ್ದು ಅದೇ. ಗ್ರೀನ್ ಕಾರ್ಡ್ ಅರ್ಜಿಗೆ ಮುಂಚೆ ಮುಗಿಸಿಬಿಡೋಣ ಅನ್ನೋ ಯೋಚನೆ ಬಿಡಿ. ಸೀಲ್ ಆದ ಅರೆಸ್ಟ್ ಇಮಿಗ್ರೇಷನ್ ಕಣ್ಣಿಗೆ ಮರೆಯಾಗಲ್ಲ. ಐ-485, ಎನ್-400 (ಪೌರತ್ವದ ಅರ್ಜಿ) ಎರಡರಲ್ಲೂ ಯಾವತ್ತಾದರೂ ಅರೆಸ್ಟ್ ಅಥವಾ ಡಿಟೇನ್ ಆಗಿದ್ದೀರಾ ಅಂತ ಕೇಳ್ತಾರೆ. ರೆಕಾರ್ಡ್ ಸೀಲ್ ಆಗಿದ್ದರೂ ಹೇಳಲೇಬೇಕು. ಡಿಟೆನ್ಷನ್ ಸರ್ಟಿಫಿಕೇಟ್ ಕೈಯಲ್ಲಿದೆ, ಹಾಗಾಗಿ 'ಇಲ್ಲ' ಅಂತ ಟಿಕ್ ಮಾಡಬಹುದು ಅಂದುಕೊಳ್ಳಬೇಡಿ, ಆ ಪ್ರಶ್ನೆಯಲ್ಲೇ 'ಡಿಟೇನ್' ಅನ್ನೋ ಪದ ಇದೆ. ಬಯೋಮೆಟ್ರಿಕ್ಸ್‌ಗೆ ಕೊಟ್ಟ ಬೆರಳಚ್ಚು ಎಫ್‌ಬಿಐಗೆ ಹೋಗುತ್ತೆ, ಅಲ್ಲಿ ಸಿಗುತ್ತೆ. ಶಿಕ್ಷೆ ಆಗದ ಒಂದು ಅರೆಸ್ಟ್ ವಿವರಿಸಬಹುದಾದ ವಿಷಯ. 'ಇಲ್ಲ' ಅಂತ ಬರೆದು ಸಿಕ್ಕಿಬಿದ್ದರೆ ಅದು ಸುಳ್ಳು ಮಾಹಿತಿ, ಶಾಶ್ವತ ತಡೆ ಆಗಬಹುದು.

ಹಾಗಾಗಿ ಕ್ರಮ ಉಲ್ಟಾ ಮಾಡಿ. ಮೊದಲು ಕಾಗದ, ಆಮೇಲೆ ಸೀಲ್. ಕೇಸ್ ಹಾಕಿಲ್ಲ ಅಂತ ಹಿಡಿದ ಏಜೆನ್ಸಿಯ ಅಥವಾ ಕೋರ್ಟಿನ ಮೂಲ ಪತ್ರ, ಡಿಎ ಆಫೀಸಿನ ಪತ್ರ, ಡಿಟೆನ್ಷನ್ ಸರ್ಟಿಫಿಕೇಟ್, ಕೋರ್ಟಿನಿಂದ 'ದಾಖಲೆ ಇಲ್ಲ' ಅನ್ನೋ ಸರ್ಟಿಫೈಡ್ ಪತ್ರ. ಒಂದೊಂದೂ ಎರಡೆರಡು ಮೂಲ ಪ್ರತಿ. ಸೀಲ್ ಆದಮೇಲೆ ಇವನ್ನು ಕೇಳಿಕೊಂಡು ಹೋದರೆ ಕೌಂಟರಲ್ಲಿ ಕೂತವರು 'ಹಾಗೊಂದು ರೆಕಾರ್ಡೇ ಇಲ್ಲ' ಅಂತ ಕಳಿಸ್ತಾರೆ, ಆ ಮಾತನ್ನು ಯುಎಸ್‌ಸಿಐಎಸ್‌ಗೆ (ಇಮಿಗ್ರೇಷನ್ ಇಲಾಖೆಗೆ) ತೋರಿಸೋಕೆ ಬರಲ್ಲ. ನಮ್ಮವರ ಗ್ರೀನ್ ಕಾರ್ಡ್ ಸರದಿ ಎಷ್ಟು ವರ್ಷಕ್ಕೆ ಬರುತ್ತೋ, ಅಲ್ಲಿವರೆಗೂ ಈ ಫೈಲ್ ಭದ್ರವಾಗಿರಲಿ.

ಊರಿಗೆ ಹೋಗೋ ಪ್ಲಾನ್ ಇದ್ದರೆ ಟಿಕೆಟ್ ಮುಂಚೆ ವಕೀಲರನ್ನು ಕಾಣಿ. ಅರೆಸ್ಟಿನ ನಂತರ ಕಾನ್ಸುಲೇಟಿನವರು ವೀಸಾ ರದ್ದು ಮಾಡೋದುಂಟು. ಇಲ್ಲಿ ಇರುವಷ್ಟು ದಿನ ಸ್ಟೇಟಸ್‌ಗೆ ಅದರಿಂದಲೇ ತೊಂದರೆ ಆಗಲ್ಲ, ಆಚೆ ಹೋದರೆ ಪಾಸ್‌ಪೋರ್ಟಲ್ಲಿ ಹೊಸ ವೀಸಾ ಸ್ಟ್ಯಾಂಪಿಂಗ್ ಬೇಕು. ವೀಸಾ ಅರ್ಜಿ ಡಿಎಸ್-160ಯಲ್ಲೂ ಅರೆಸ್ಟ್ ಪ್ರಶ್ನೆ ಇದೆ.

ತುಂಗಾತೀರ:
ಎಲ್ಲರಿಗೂ ಧನ್ಯವಾದ. ಎರಡು ಅನುಮಾನ. ಪತ್ರ ಕೇಳೋಕೆ 'ಕ್ಯುಪರ್ಟಿನೋ ಪೊಲೀಸ್' ವಿಳಾಸ ಸಿಗ್ತಿಲ್ಲ. ಮತ್ತೆ ಆ ಬ್ಯಾಕ್‌ಗ್ರೌಂಡ್ ರಿಪೋರ್ಟಿಗೆ ಈಗಲೇ ಏನು ಮಾಡೋದು?

ಹೆಡ್ಡಿಂಗ್‌ಬೀದಿ:
ಸಿಗಲ್ಲ, ಯಾಕಂದ್ರೆ ಅಂಥ ಇಲಾಖೆಯೇ ಇಲ್ಲ. ಕ್ಯುಪರ್ಟಿನೋ, ಸ್ಯಾರಟೋಗಾ, ಲಾಸ್ ಆಲ್ಟೋಸ್ ಹಿಲ್ಸ್‌ಗೆ ಪೊಲೀಸ್ ಕೆಲಸ ಮಾಡೋದು ಕೌಂಟಿ ಶೆರಿಫ್. ಸನಿವೇಲ್ ಆಗಿದ್ದರೆ 'ಡಿಪಾರ್ಟ್‌ಮೆಂಟ್ ಆಫ್ ಪಬ್ಲಿಕ್ ಸೇಫ್ಟಿ', ಅಲ್ಲಿ ಪೊಲೀಸ್, ಅಗ್ನಿಶಾಮಕ ಎರಡೂ ಒಂದೇ ಇಲಾಖೆ. 2030ರಲ್ಲಿ ಸಿಆರ್-409 ಹಾಕುವಾಗಲೂ ಇದು ನೆನಪಿರಲಿ: ಹಿಯರಿಂಗ್‌ಗೆ ಕನಿಷ್ಠ 15 ದಿನ ಮುಂಚೆ ಡಿಎಗೂ ಹಿಡಿದ ಏಜೆನ್ಸಿಗೂ ನಕಲು ತಲುಪಿಸಬೇಕು, ತಲುಪಿಸಿದ್ದಕ್ಕೆ ಸಿಆರ್-106 ಹಾಕಬೇಕು. ತಪ್ಪು ಏಜೆನ್ಸಿಗೆ ಕಳಿಸಿದರೆ ತಾರೀಕು ಮುಂದಕ್ಕೆ ಹೋಗುತ್ತೆ. ಆದೇಶ ಆದಮೇಲೆ ಕೋರ್ಟು 30 ದಿನದಲ್ಲಿ ಡಿಒಜೆಗೆ ತಿಳಿಸಬೇಕು. ಎರಡು-ಮೂರು ತಿಂಗಳು ಬಿಟ್ಟು ಮತ್ತೆ 8016ಆರ್‌ಆರ್ ಮಾಡಿಸಿ ನೋಡಿ. ಸಾಲು ಮಾಯ ಆಗಿರಲ್ಲ, ಪಕ್ಕದಲ್ಲಿ 'ಅರೆಸ್ಟ್ ಸೀಲ್ಡ್' ಅಂತ ತಾರೀಕಿನ ಜೊತೆ ಬಂದಿರಬೇಕು.

ಬೆಣ್ಣೆದೋಸೆ_408:
ರಿಪೋರ್ಟಿಗೆ ಸೀಲಿಂಗ್ ಕಾಯಬೇಕಿಲ್ಲ. ಶಿಕ್ಷೆ ಆಗದ, ವಿಚಾರಣೆಯೂ ಬಾಕಿ ಇಲ್ಲದ ಅರೆಸ್ಟನ್ನು ಬ್ಯಾಕ್‌ಗ್ರೌಂಡ್ ಕಂಪನಿ ಕ್ಯಾಲಿಫೋರ್ನಿಯಾದಲ್ಲಿ ಕೊಡೋ ಹಾಗೇ ಇಲ್ಲ, ಸಿವಿಲ್ ಕೋಡ್ 1786.18. ಕೆಲಸ ಕೊಡೋರು ಅದನ್ನು ಕೇಳೋ ಹಾಗೂ ಇಲ್ಲ, ಲೆಕ್ಕಕ್ಕೆ ತಗೊಳ್ಳೋ ಹಾಗೂ ಇಲ್ಲ, ಲೇಬರ್ ಕೋಡ್ 432.7. ರಿಪೋರ್ಟಿನ ಪೂರ್ತಿ ನಕಲು ತರಿಸಿ, ಆ ಸಾಲಿಗೆ ಗುರುತು ಹಾಕಿ, ಡಿಎ ಪತ್ರ ಲಗತ್ತಿಸಿ ಬರಹದಲ್ಲಿ ಡಿಸ್ಪ್ಯೂಟ್ ಹಾಕಿ. 30 ದಿನ ಅವರಿಗೆ ಸಮಯ. ಎಚ್‌ಆರ್‌ಗೂ ಅದೇ ದಿನ ಒಂದು ಇಮೇಲ್, ಎರಡೂ ಸೆಕ್ಷನ್ ನಂಬರ್ ಹಾಕಿ. ಫೋನಲ್ಲಿ ವಿವರಿಸೋಕೆ ಹೋಗಬೇಡಿ. ಡಿಒಜೆಯಿಂದ ಬಂದ ಹಾಳೆಯನ್ನೂ ಎಚ್‌ಆರ್‌ಗೆ ಕಳಿಸಬೇಡಿ. ಅದನ್ನು ತಂದುಕೊಡು ಅಂತ ಒತ್ತಾಯ ಮಾಡೋದೇ ಅವರಿಗೆ ನಿಷಿದ್ಧ.

ಮಗ್‌ಶಾಟ್ ಫೋಟೋ ಹಾಕಿ, ತೆಗೆಯೋಕೆ ದುಡ್ಡು ಕೇಳೋ ಸೈಟ್ ಸಿಕ್ಕರೆ ಕೊಡಬೇಡಿ. 2015ರಿಂದ ಹಾಗೆ ದುಡ್ಡು ಕೇಳೋದು ಇಲ್ಲಿ ಕಾನೂನುಬಾಹಿರ. ಸ್ಕ್ರೀನ್‌ಶಾಟ್ ತೆಗೆದಿಟ್ಟು ಬರಹದಲ್ಲಿ ನೋಟಿಸ್ ಕಳಿಸಿ.