ಪದವಿ ಆದ ಮೇಲೆ ಸಿನಿಮಾ ಓದು: ಪುಣೆಯ ಮೂರು ವರ್ಷವೋ, ಟಿವಿಯ ಒಂದು ವರ್ಷವೋ, ಎಂ.ಎ.ಯೋ?

ತುಂಗಾತೀರ
ಬಿ.ಎಸ್ಸಿ. ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ (ಭೌತಶಾಸ್ತ್ರ, ಗಣಿತ, ಎಲೆಕ್ಟ್ರಾನಿಕ್ಸ್). ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಮುಂದೆ ಸಿನಿಮಾ ಅಥವಾ ಟೆಲಿವಿಷನ್ ಓದುವ ಮನಸ್ಸಿದೆ. ಪುಣೆಯ ಎಫ್‌ಟಿಐಐನ (ಭಾರತೀಯ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ) ಮೂರು ವರ್ಷದ ಕೋರ್ಸಿಗೂ ಅಲ್ಲಿನದೇ ಒಂದು ವರ್ಷದ ಟಿವಿ ಕೋರ್ಸಿಗೂ ಕಲಿಕೆಯಲ್ಲಿ ಏನು ವ್ಯತ್ಯಾಸ? ಎಂ.ಎ. ಫಿಲ್ಮ್ ಸ್ಟಡೀಸ್ ಮಾಡಿದರೆ ಕ್ಯಾಮೆರಾ ಮುಟ್ಟಲು ಸಿಗುತ್ತದೆಯೇ? ಪ್ರವೇಶ ಪರೀಕ್ಷೆಗೆ ಜನರಲ್ ನಾಲೆಡ್ಜ್ ಪುಸ್ತಕ ಓದಿದರೆ ಸಾಕು ಅನ್ನುತ್ತಾರೆ, ನನಗೆ ನಂಬಿಕೆ ಬರುತ್ತಿಲ್ಲ. ಗೊತ್ತಿದ್ದವರು ವಿವರವಾಗಿ ಹೇಳಿ.

ಎಡಿಟ್‌ಟೇಬಲ್
ಬೆಂಗಳೂರು ಬಳಿಯ ಹೆಸರಘಟ್ಟದ ಸರ್ಕಾರಿ ಚಲನಚಿತ್ರ ಸಂಸ್ಥೆಯ ಹೆಸರನ್ನೂ ಯಾರಾದರೂ ಹೇಳಿಯೇ ಹೇಳುತ್ತಾರೆ, ಆದ್ದರಿಂದ ಅದನ್ನು ಮೊದಲೇ ಬದಿಗಿಡೋಣ. ಅಲ್ಲಿರುವುದು ಪಾಲಿಟೆಕ್ನಿಕ್ ಮಟ್ಟದ ಡಿಪ್ಲೊಮಾ. ಅದರ ಬೇರು ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿದೆ. ಹೆಸರಾಂತ ಛಾಯಾಗ್ರಾಹಕರಾದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಛಾಯಾಗ್ರಹಣ ಕಲಿತದ್ದು ಆ ಪಾಲಿಟೆಕ್ನಿಕ್‌ನಲ್ಲೇ. ಪರಂಪರೆ ದೊಡ್ಡದು, ಆದರೆ ಪದವಿ ಮುಗಿಸಿದವರಿಗೆ ಅದು ಮುಂದಿನ ಮೆಟ್ಟಿಲಲ್ಲ.

ಪುಣೆಯ ಫಿಲ್ಮ್ ವಿಭಾಗದಲ್ಲಿ ಮೂರು ವರ್ಷದ ಕೋರ್ಸುಗಳು ಐದು: ನಿರ್ದೇಶನ-ಚಿತ್ರಕಥೆ, ಛಾಯಾಗ್ರಹಣ, ಸಂಕಲನ, ಧ್ವನಿ, ಕಲಾನಿರ್ದೇಶನ. ಒಂದೊಂದರಲ್ಲೂ ಸುಮಾರು ಹತ್ತು ಸೀಟು. ಐದೂ ವಿಭಾಗದ ಒಬ್ಬೊಬ್ಬರು ಸೇರಿ ಒಂದು ಯೂನಿಟ್ ಆಗುವುದೇ ಅಲ್ಲಿನ ನಿಜವಾದ ಬಲ. ಆರಂಭದಲ್ಲಿ ಎಲ್ಲರಿಗೂ ಸಾಮಾನ್ಯ ಪಾಠ. ಆಮೇಲೆ ಕಂಟಿನ್ಯುಯಿಟಿ (ಶಾಟಿನಿಂದ ಶಾಟಿಗೆ ಕ್ರಿಯೆ ಮುರಿಯದಂತೆ ಜೋಡಿಸುವುದು), ಡೈಲಾಗ್, ಹಾಡು, ಸಾಕ್ಷ್ಯಚಿತ್ರ ಎಂದು ಅಭ್ಯಾಸಚಿತ್ರಗಳು, ಕೊನೆಗೆ ಡಿಪ್ಲೊಮಾ ಚಿತ್ರ. ತೊಂದರೆ ಬರುವುದೂ ಇಲ್ಲಿಯೇ. ಸ್ಟುಡಿಯೋ ಫ್ಲೋರ್, ಸೌಂಡ್ ಮಿಕ್ಸಿಂಗ್ ಕೋಣೆ ಎಲ್ಲ ಬ್ಯಾಚುಗಳಿಗೂ ಹಂಚಿಕೆಯಾಗಬೇಕು. ಒಂದು ಯೂನಿಟ್ ತಡವಾದರೆ ಅದರ ಹಿಂದೆ ಸರದಿಯಲ್ಲಿರುವವರೆಲ್ಲರಿಗೂ ತಡವಾಗುತ್ತದೆ. ಪುಣೆಯಲ್ಲಿ ಇದು ಹಳೆಯ ಸಮಸ್ಯೆ, 2008ರ ಬ್ಯಾಚಿನ ಬಾಕಿ ಚಿತ್ರಗಳ ವಿಷಯ 2015ರಲ್ಲಿ ದೊಡ್ಡ ವಿವಾದವೇ ಆಗಿತ್ತು. ಖರ್ಚಿನ ಲೆಕ್ಕ ಹಾಕುವಾಗ ಮೂರು ವರ್ಷದ ಮೇಲೆ ಕೆಲವು ತಿಂಗಳು ಸೇರಿಸಿಕೊಂಡೇ ಹಾಕಿ.

ಕೋಲ್ಕತ್ತದ ಎಸ್‌ಆರ್‌ಎಫ್‌ಟಿಐ (ಸತ್ಯಜಿತ್ ರೇ ಚಲನಚಿತ್ರ ಮತ್ತು ಟೆಲಿವಿಷನ್ ಸಂಸ್ಥೆ, ಸ್ಥಾಪನೆ 1995) ಸಹ ಇದೇ ಮಟ್ಟದ್ದು. ಸಿನಿಮಾ ವಿಭಾಗ ಮೂರು ವರ್ಷ, ಎಲೆಕ್ಟ್ರಾನಿಕ್-ಡಿಜಿಟಲ್ ಮಾಧ್ಯಮ ವಿಭಾಗ ಎರಡು ವರ್ಷ. ನಿರ್ಮಾಣ ಮತ್ತು ಅನಿಮೇಷನ್‌ಗೆ ಮೂರು ವರ್ಷದ ಪ್ರತ್ಯೇಕ ಕೋರ್ಸುಗಳಿರುವುದು ಅಲ್ಲಿ. 2018ರಲ್ಲಿ ಎರಡು ಸಂಸ್ಥೆಗಳಿಗೂ ಸೇರಿ ಜೆಟ್ ಎಂಬ ಜಂಟಿ ಪ್ರವೇಶ ಪರೀಕ್ಷೆ ಶುರುವಾಯಿತು, ಆದರೆ ಆ ವ್ಯವಸ್ಥೆ ಹಾಗೆಯೇ ಉಳಿಯಲಿಲ್ಲ. ಆ ಕಾಲದ ವಿಡಿಯೋ ನೋಡಿ ಒಂದೇ ಅರ್ಜಿ ಸಾಕು ಎಂದುಕೊಂಡವರು ಒಂದು ಅವಕಾಶ ಕಳೆದುಕೊಳ್ಳುತ್ತಾರೆ. ಆಯಾ ವರ್ಷದ ಪ್ರಕಟಣೆಯನ್ನು ಎರಡೂ ಕಡೆ ಬೇರೆಬೇರೆಯಾಗಿ ಓದಿ.

ತಯಾರಿಗೆ ಬರೋಣ. 1895ರ ಲೂಮಿಯೇರ್ ಸಹೋದರರ ಸಿನಿಮಾ ಪ್ರದರ್ಶನ, 1913ರ ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’, 1934ರ ಮೊದಲ ಕನ್ನಡ ವಾಕ್ಚಿತ್ರ, ಇಂಥವು ಗೊತ್ತಿರಲೇಬೇಕು, ಆದರೆ ಅದಕ್ಕೆ ಎರಡು ವಾರ ಸಾಕು. ಉಳಿದ ಸಮಯವನ್ನೆಲ್ಲ ಇದಕ್ಕೆ ಕೊಡಿ: ನಿಮಗೆ ಚೆನ್ನಾಗಿ ಗೊತ್ತಿರುವ ಒಂದು ಚಿತ್ರದಿಂದ ಹತ್ತು ನಿಮಿಷ ಆರಿಸಿಕೊಳ್ಳಿ. ಮೊದಲು ಧ್ವನಿ ಬಂದ್ ಮಾಡಿ ನೋಡಿ, ಆಮೇಲೆ ಪರದೆ ಮುಚ್ಚಿ ಬರೀ ಕೇಳಿ, ಮೂರನೆಯ ಸಲ ಶಾಟ್‌ಗಳ ಪಟ್ಟಿ ಮಾಡಿ. ಪ್ರತಿ ಶಾಟಿಗೂ ಅಳತೆ (ಲಾಂಗ್, ಮಿಡ್, ಕ್ಲೋಸ್), ಕ್ಯಾಮೆರಾ ಇರುವ ಜಾಗ, ಚಲನೆ, ಎಷ್ಟು ಸೆಕೆಂಡು, ಧ್ವನಿ ಕಟ್‌ಗಿಂತ ಮೊದಲೇ ಬಂತೇ ಅಥವಾ ಕಟ್ ದಾಟಿ ಮುಂದುವರಿಯಿತೇ. ಕೊನೆಯ ಕಲಂ ಅತಿ ಮುಖ್ಯ: ಕಟ್ ಇಲ್ಲಿಯೇ ಏಕೆ? ನಟ ತಲೆ ತಿರುಗಿಸಿದ ಎಂದೋ, ಮುಂದಿನ ಶಾಟ್‌ನ ಮಾಹಿತಿ ಈಗ ಬೇಕಾಗಿತ್ತು ಎಂದೋ, ಒಂದು ಕಾರಣ ಬರೆಯಲೇಬೇಕು. ಐದು ಚಿತ್ರಗಳಿಗೆ ಹೀಗೆ ಮಾಡಿದವರ ಉತ್ತರಪತ್ರಿಕೆ ಬೇರೆಯೇ ಥರ ಇರುತ್ತದೆ.

ಸಂದರ್ಶನದಲ್ಲಿ ಹೆಚ್ಚಿನವರು ಎಡವುವುದು ಹೇಳಿಕೆಯ ಪತ್ರದಲ್ಲಿ, ಅಂದರೆ ತಮ್ಮ ಬಗ್ಗೆ, ಈ ಓದು ಏಕೆ ಬೇಕು ಎಂಬುದರ ಬಗ್ಗೆ ಬರೆದುಕೊಡುವ ಬರಹದಲ್ಲಿ. ನೋಡದ ಚಿತ್ರಗಳ ಹೆಸರು, ಓದದ ಸಿದ್ಧಾಂತ ಬರೆದಿರುತ್ತಾರೆ; ಪ್ರಶ್ನೆ ಅಲ್ಲಿಂದಲೇ ಏಳುತ್ತದೆ. ನಿಮ್ಮೂರಿನ ಸಂತೆ, ಜಾತ್ರೆ, ಮುಚ್ಚಿಹೋದ ಟಾಕೀಸಿನ ಬಗ್ಗೆ ಖಚಿತವಾಗಿ ಬರೆದ ಅರ್ಧ ಪುಟಕ್ಕೆ ಅದಕ್ಕಿಂತ ತೂಕ ಹೆಚ್ಚು.

ಬೂಮ್‌ರಾಡ್
ನೀವು ಭೌತಶಾಸ್ತ್ರ ಓದಿದವರು, ಹಾಗಾಗಿ ಧ್ವನಿ ವಿಭಾಗವನ್ನು ಪಟ್ಟಿಯಿಂದ ತೆಗೆಯಬೇಡಿ. ಪುಣೆಯಲ್ಲಿ ಆ ಕೋರ್ಸಿಗೆ ಪದವಿ ಯಾವುದಾದರೂ ನಡೆಯುತ್ತದೆ, ಆದರೆ ಪಿಯುಸಿಯಲ್ಲಿ ಭೌತಶಾಸ್ತ್ರ ಇರಬೇಕು. ಕಲಾನಿರ್ದೇಶನಕ್ಕೆ ಚಿತ್ರಕಲೆ, ವಾಸ್ತುಶಿಲ್ಪ, ಒಳಾಂಗಣ ವಿನ್ಯಾಸ ಇಂಥ ಪದವಿಯೇ ಬೇಕು, ಅದು ನಿಮಗೆ ಸಿಗುವುದಿಲ್ಲ.

ಪುಸ್ತಕದಲ್ಲಿ ಓದಿದ್ದನ್ನು ಸಿನಿಮಾದ ಲೆಕ್ಕಕ್ಕೆ ತಿರುಗಿಸಿ ನೋಡಿ. ಸೆಕೆಂಡಿಗೆ 25 ಫ್ರೇಮ್ ಎಂದರೆ ಒಂದು ಫ್ರೇಮ್ 40 ಮಿಲಿಸೆಕೆಂಡ್. ಧ್ವನಿಯ ವೇಗ ಸೆಕೆಂಡಿಗೆ ಸುಮಾರು 343 ಮೀಟರ್, ಅಂದರೆ ಒಂದು ಫ್ರೇಮಿನ ಹೊತ್ತಿಗೆ ಅದು 13.7 ಮೀಟರ್ ಸಾಗುತ್ತದೆ. ಮೈಕ್ ಅಷ್ಟು ದೂರವಿದ್ದರೆ ಮಾತು ಒಂದು ಫ್ರೇಮ್ ತಡ. ಬಯಲಿನಲ್ಲಿ ಮೈಕ್ ಮತ್ತು ಬಾಯಿಯ ನಡುವಿನ ದೂರ ಇಮ್ಮಡಿಯಾದರೆ 6 ಡೆಸಿಬಲ್ ಇಳಿಯುತ್ತದೆ, ಹಿಂದಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಆಗ ಗೇನ್ (ಮೈಕಿನಿಂದ ಬಂದ ಧ್ವನಿಯನ್ನು ಹಿಗ್ಗಿಸುವ ಪ್ರಮಾಣ) ಏರಿಸಿದರೆ ಗದ್ದಲವೂ ಜೊತೆಗೇ ಏರುತ್ತದೆ. ಬೂಮ್ (ಮೈಕ್ ಕಟ್ಟಿದ ಉದ್ದನೆಯ ಕೋಲು) ಹಿಡಿದವರು ಫ್ರೇಮಿನ ಅಂಚಿಗೆ ತಾಗುವಷ್ಟು ಹತ್ತಿರ ಬರಲು ಹೆಣಗುವುದು ಇದಕ್ಕೇ.

ವಿದ್ಯಾರ್ಥಿ ಚಿತ್ರಗಳು ಕೆಡುವುದು ಬಹುಪಾಲು ಧ್ವನಿಯಲ್ಲಿ, ಅದರಲ್ಲೂ ಎರಡು ಜಾಗದಲ್ಲಿ. ಒಂದು, ಕ್ಯಾಮೆರಾ ಸೆಕೆಂಡಿಗೆ 24 ಫ್ರೇಮಿನಲ್ಲಿ, ಎಡಿಟಿಂಗ್ ಟೈಮ್‌ಲೈನ್ 25ರಲ್ಲಿ ಇಟ್ಟಿರುತ್ತಾರೆ. 24ರಲ್ಲಿ ತೆಗೆದ ಒಂದು ಗಂಟೆಯ ಚಿತ್ರ 25ರಲ್ಲಿ ಓಡಿದರೆ 2 ನಿಮಿಷ 24 ಸೆಕೆಂಡು ಮೊದಲೇ ಮುಗಿಯುತ್ತದೆ. ಬೇರೆಯಾಗಿ ರೆಕಾರ್ಡ್ ಮಾಡಿದ ಧ್ವನಿ ಹಿಂದೆ ಉಳಿಯುತ್ತದೆ. ಧ್ವನಿಯನ್ನೂ ಹಾಗೆಯೇ ಓಡಿಸಿ ಸರಿಮಾಡಿದರೆ ಸ್ವರ ಸುಮಾರು ಮುಕ್ಕಾಲು ಸೆಮಿಟೋನಿನಷ್ಟು (ಸೆಮಿಟೋನ್ ಎಂದರೆ ಹಾರ್ಮೋನಿಯಂನ ಪಕ್ಕಪಕ್ಕದ ಎರಡು ಮನೆಗಳ ಅಂತರ) ಏರುತ್ತದೆ. ಶೂಟಿಂಗಿಗೆ ಮುಂಚೆ ಕ್ಯಾಮೆರಾ, ಧ್ವನಿ, ಸಂಕಲನದ ಮೂವರೂ ಕೂತು ಫ್ರೇಮ್ ರೇಟ್ ಬರೆದಿಟ್ಟುಕೊಳ್ಳಬೇಕು. ಇನ್ನೊಂದು ರೂಮ್ ಟೋನ್. ಪ್ರತಿ ಜಾಗದಲ್ಲೂ, ಎಲ್ಲರೂ ಅಲ್ಲೇ ಇದ್ದು ಬಾಯಿ ಮುಚ್ಚಿಕೊಂಡು, ಕನಿಷ್ಠ 30 ಸೆಕೆಂಡು ಬರೀ ಮೌನವನ್ನು ರೆಕಾರ್ಡ್ ಮಾಡಬೇಕು. ಅದಿಲ್ಲದಿದ್ದರೆ ಮಾತಿನ ನಡುವಿನ ತೂತು ಮುಚ್ಚಲು ಸಂಕಲನದಲ್ಲಿ ಏನೂ ಇರುವುದಿಲ್ಲ.

ನಿಮ್ಮ ಕೆಲಸ ತೋರಿಸಲು ಮೂರು ನಿಮಿಷದ, ಮಾತಿಲ್ಲದ, ಹಿನ್ನೆಲೆ ಸಂಗೀತವಿಲ್ಲದ ಒಂದು ಧ್ವನಿಚಿತ್ರ ಮಾಡಿ. 48 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ರೆಕಾರ್ಡ್ ಮಾಡಿ, ಪೀಕ್ (ಧ್ವನಿಯ ಅತಿ ಜೋರಾದ ಘಟ್ಟ) ಮೀಟರಿನಲ್ಲಿ ಮೈನಸ್ 12 ಡೆಸಿಬಲ್‌ನ ಆಸುಪಾಸು ಇರಲಿ. ಬಸ್‌ಸ್ಟ್ಯಾಂಡ್ ಎಲ್ಲರೂ ಮಾಡುತ್ತಾರೆ. ಅಡಕೆ ಸುಲಿಯುವ ಮನೆಯೋ ರೈಸ್‌ಮಿಲ್ಲೋ ಆಗಬಹುದು.

ಅರೆಬೆಳಕು
ಟಿವಿ ಕೋರ್ಸ್ ಬಗ್ಗೆ ಎಡಿಟ್‌ಟೇಬಲ್ ಏನೂ ಹೇಳಲಿಲ್ಲ. ಅದನ್ನು ಎರಡನೆಯ ದರ್ಜೆ ಎಂದು ತಳ್ಳುವ ರೂಢಿ ತಪ್ಪು. 2024ರಲ್ಲಿ ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆದ ಕನ್ನಡ ಕಿರುಚಿತ್ರ ಇದೇ ಒಂದು ವರ್ಷದ ಕೋರ್ಸಿನ ಕೊನೆಯ ಅಭ್ಯಾಸವಾಗಿ ತಯಾರಾದದ್ದು. ನಿರ್ದೇಶಕ ಚಿದಾನಂದ ಎಸ್. ನಾಯ್ಕ್ ಮೈಸೂರಿನವರು, ಅದಕ್ಕೆ ಮುಂಚೆ ಓದಿದ್ದು ವೈದ್ಯಕೀಯ.

ವ್ಯತ್ಯಾಸ ಇರುವುದು ವೇಗದಲ್ಲಿ. ಟಿವಿಯಲ್ಲಿ ನಿರ್ದೇಶನ, ಎಲೆಕ್ಟ್ರಾನಿಕ್ ಸಿನೆಮಟೋಗ್ರಫಿ, ವಿಡಿಯೋ ಎಡಿಟಿಂಗ್, ಧ್ವನಿ-ಟೆಲಿವಿಷನ್ ಎಂಜಿನಿಯರಿಂಗ್ ಎಂದು ನಾಲ್ಕು ವಿಭಾಗ. ಸ್ಟುಡಿಯೋದಲ್ಲಿ ಬಹುಕ್ಯಾಮೆರಾ ಕೆಲಸ ಕಲಿಸುತ್ತಾರೆ. ನಿರ್ದೇಶಕರು ಕಂಟ್ರೋಲ್ ರೂಮಿನಲ್ಲಿ ಕೂತು ಮುಂದಿನ ಕ್ಯಾಮೆರಾವನ್ನು ಸಿದ್ಧಮಾಡಿಸಿ ಆ ಕ್ಷಣದಲ್ಲೇ ಕಟ್ ಹೇಳಬೇಕು. ಯೋಚಿಸಲು ಆಮೇಲೆ ಎಡಿಟ್ ಟೇಬಲ್ ಇದೆ ಎಂಬ ಧೈರ್ಯ ಇರುವುದಿಲ್ಲ. ಈ ಶಿಸ್ತು ಫಿಲ್ಮ್ ಕಡೆಯವರಿಗೆ ಅಷ್ಟಾಗಿ ಬರುವುದಿಲ್ಲ. ಆದರೆ ಬುನಾದಿ ಇಲ್ಲದೆ ಹೋದರೆ ಒಂದು ವರ್ಷ ಬರೀ ಉಪಕರಣ ಪರಿಚಯದಲ್ಲೇ ಕಳೆದುಹೋಗುತ್ತದೆ. ನಾಲ್ಕಾರು ಕಿರುಚಿತ್ರ ಮಾಡಿ, ತಪ್ಪುಗಳನ್ನು ತಾವೇ ಗುರುತಿಸಬಲ್ಲವರಿಗೆ ಟಿವಿ ವಿಭಾಗ. ಶೂನ್ಯದಿಂದ ಶುರುಮಾಡುವವರಿಗೆ ಮೂರು ವರ್ಷ.

ಛಾಯಾಗ್ರಹಣಕ್ಕೆ ಹೋಗುವುದಾದರೆ ಈ ಲೆಕ್ಕಗಳು ಬಾಯಲ್ಲಿರಲಿ. ಲೆನ್ಸಿನ ಅಪರ್ಚರ್ (ಬೆಳಕು ಒಳಬರುವ ದ್ವಾರ) ಎಫ್ 2.8ರಿಂದ 4ಕ್ಕೆ ಹೋದರೆ ಬೆಳಕು ಅರ್ಧ, ಇದೇ ಒಂದು ಸ್ಟಾಪ್. ಚಿಕ್ಕ ದೀಪವನ್ನು ಎರಡರಷ್ಟು ದೂರ ಸರಿಸಿದರೆ ಬೆಳಕು ಕಾಲುಭಾಗ, ಅಂದರೆ ಎರಡು ಸ್ಟಾಪ್. ನಮ್ಮ ವಿದ್ಯುತ್ 50 ಹರ್ಟ್ಸ್, ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಡಿಯುತ್ತದೆ. 25 ಫ್ರೇಮಿಗೆ 180 ಡಿಗ್ರಿ ಶಟರ್ (ಅಂದರೆ ಪ್ರತಿ ಫ್ರೇಮಿನ ಅರ್ಧ ಹೊತ್ತು ಬೆಳಕು ಬಿಡುವಂತೆ) ಇಟ್ಟರೆ 1/50 ಸೆಕೆಂಡು, ತೊಂದರೆ ಇಲ್ಲ. 24 ಫ್ರೇಮಿಗೆ ಅದೇ 180 ಇಟ್ಟರೆ 1/48 ಆಗಿ ಫ್ಲಿಕರ್ (ಬೆಳಕಿನ ಮಿಣುಕು) ಕಾಣಿಸಬಹುದು, 172.8 ಡಿಗ್ರಿ ಇಡಬೇಕು, ಆಗ ಮತ್ತೆ 1/50. ಕಾರಣ ಸಮೇತ ಹೇಳಬಲ್ಲವರಿಗೆ ಸಂದರ್ಶನ ಸಲೀಸು.

ಫೋಟೋಗಳಲ್ಲಿ ಚೆಂದದ ಸೂರ್ಯಾಸ್ತಗಳನ್ನು ತೆಗೆದುಹಾಕಿ. ಒಂದೇ ಕೋಣೆಯನ್ನು ಬೆಳಗ್ಗೆ, ನಡುಮಧ್ಯಾಹ್ನ, ದೀಪ ಹಚ್ಚಿದ ಮೇಲೆ ತೆಗೆದ ಎಂಟು-ಹತ್ತು ಚಿತ್ರಗಳ ಸರಣಿ ಇದ್ದರೆ ಬೆಳಕು ಎಲ್ಲಿಂದ ಬಂತು, ಏಕೆ ಹಾಗೆ ಇಟ್ಟಿರಿ ಎಂದು ಮಾತನಾಡಲು ಅವಕಾಶವಿರುತ್ತದೆ. ಇನ್ನೊಂದು ವಿಷಯ: ಬಣ್ಣಗುರುಡು ಇದ್ದವರನ್ನು ಮೊದಲು ಕೆಲವು ಕೋರ್ಸುಗಳಿಂದ ಹೊರಗಿಡುತ್ತಿದ್ದರು. 2022ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ. ಅಂಥವರು ಯಾರಾದರೂ ಇದನ್ನು ಓದುತ್ತಿದ್ದರೆ ಹಿಂಜರಿಯದೆ ಅರ್ಜಿ ಹಾಕಿ.

ಹಳೆಪೋಸ್ಟರ್
ಎಂ.ಎ. ಬಗ್ಗೆ ಯಾರೂ ಬರೆದಿಲ್ಲ. ಜಾದವ್‌ಪುರ ವಿಶ್ವವಿದ್ಯಾಲಯದ ಫಿಲ್ಮ್ ಸ್ಟಡೀಸ್ ವಿಭಾಗ ದೇಶದಲ್ಲಿ ಮೊದಲನೆಯದು. ಅಲ್ಲಿ ಕ್ಯಾಮೆರಾ ಮುಖ್ಯವಲ್ಲ. ಇತಿಹಾಸ, ಸಿದ್ಧಾಂತ, ಬರವಣಿಗೆ ಮುಖ್ಯ. ದೆಹಲಿಯ ಜಾಮಿಯಾ ಮಿಲ್ಲಿಯಾ ವಿಶ್ವವಿದ್ಯಾಲಯದ ಮಾಸ್ ಕಮ್ಯುನಿಕೇಷನ್ ಎಂ.ಎ. ಇಂಥ ಓದಿಗೂ ಫಿಲ್ಮ್ ಸಂಸ್ಥೆಯ ತರಬೇತಿಗೂ ನಡುವಿನದು, ಅಲ್ಲಿ ಕೈಯಾರೆ ಮಾಡುವ ಕೆಲಸ ಸಾಕಷ್ಟಿದೆ. ಹೆಸರಿನಲ್ಲಿ ‘ಫಿಲ್ಮ್’ ಇದೆ ಎಂದು ಸೇರಿ ಆಮೇಲೆ ಪ್ರಬಂಧ ಬರೆಯಬೇಕೇ ಎಂದು ಗಾಬರಿಯಾಗಬೇಡಿ, ಪಠ್ಯಕ್ರಮ ಮೊದಲು ಓದಿ.

ಬೋಧನೆ, ಸಂಶೋಧನೆಗೆ ಹೋಗುವವರಿಗೆ ಕನ್ನಡದಲ್ಲಿ ಮಾಡಬೇಕಾದ ಕೆಲಸ ಬೆಟ್ಟದಷ್ಟಿದೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಸೈಟ್ ಉಪಗ್ರಹ ಟಿವಿ ಪ್ರಯೋಗ ಆರು ರಾಜ್ಯಗಳ 2,400 ಹಳ್ಳಿಗಳಿಗೆ ತಲುಪಿತು. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳಿದ್ದವು. ಪಂಚಾಯಿತಿ ಟಿವಿ ಮುಂದೆ ಕೂತು ನೋಡಿದವರು ಈಗಲೂ ಇದ್ದಾರೆ, ಅವರನ್ನು ಮಾತನಾಡಿಸಲು ಕಾಲ ಮೀರುತ್ತಿದೆ. ಹೆಗ್ಗೋಡಿನ ನೀನಾಸಂನಲ್ಲಿ ಕೆ.ವಿ. ಸುಬ್ಬಣ್ಣ ನಡೆಸಿದ ಚಿತ್ರ ರಸಗ್ರಹಣ ಶಿಬಿರಗಳಿಗೆ ಪುಣೆಯ ಎಫ್‌ಟಿಐಐನ ಪ್ರಾಧ್ಯಾಪಕ ಸತೀಶ್ ಬಹಾದ್ದೂರ್ ಬಂದು ಪಾಠ ಮಾಡಿದ್ದರು. ಹಳ್ಳಿಯ ಪ್ರೇಕ್ಷಕರು ಲೋಕದ ಸಿನಿಮಾವನ್ನು ಹೇಗೆ ಕಂಡರು ಎಂಬುದೇ ಒಂದು ಪ್ರಬಂಧದ ವಸ್ತು. ಹಳೆಯ ಕನ್ನಡ ಚಿತ್ರಗಳ ಮೇಲೆ ಕೆಲಸ ಮಾಡುವವರಿಗೆ ಒಂದು ಎಚ್ಚರಿಕೆ: ವಾಕ್ಚಿತ್ರದ ಮೊದಲ ವರ್ಷಗಳ ಪ್ರತಿಗಳು ಉಳಿದಿಲ್ಲ. ಹಾಡಿನ ಪುಸ್ತಿಕೆ, ಪತ್ರಿಕೆಯ ಜಾಹೀರಾತು, ಸೆನ್ಸಾರ್ ವಿವರ ಇವುಗಳಿಂದಲೇ ಚಿತ್ರವನ್ನು ಊಹಿಸಿಕೊಳ್ಳಬೇಕು. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಹೋಗುವ ಮುನ್ನ ಏನು ಬೇಕೆಂದು ಬರೆದು ಕೇಳಿ.

ತುಂಗಾತೀರ
ಇಷ್ಟು ಸಿಗುತ್ತದೆ ಅಂದುಕೊಂಡಿರಲಿಲ್ಲ. ಧ್ವನಿ ವಿಭಾಗವನ್ನೇ ಮೊದಲು ಇಟ್ಟುಕೊಳ್ಳುತ್ತೇನೆ. ಇಂಗ್ಲಿಷ್ ನಿಧಾನ, ಅದು ಅಡ್ಡಿಯಾಗುತ್ತದೆಯೇ? ದಾಖಲೆಗಳಲ್ಲಿ ಏನಾದರೂ ತೊಡಕಿದೆಯೇ?

ಎಡಿಟ್‌ಟೇಬಲ್
ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ, ನಡುವೆ ಹಿಂದಿ. ಅಲಂಕಾರದ ಇಂಗ್ಲಿಷ್ ಬೇಡ. ಮೊದಲು ಕನ್ನಡದಲ್ಲಿ ಬರೆದು ಅನುವಾದಿಸುವ ಅಭ್ಯಾಸ ಬಿಟ್ಟು, ಶಾಟ್ ಪಟ್ಟಿಯ ಕೊನೆಯ ಕಲಮನ್ನು ನೇರವಾಗಿ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಿರಿ, ಪೆನ್ನಿನಲ್ಲಿ, ಗಡಿಯಾರ ಇಟ್ಟುಕೊಂಡು. ಸಂದರ್ಶನದಲ್ಲಿ ಪದ ಸಿಗದಿದ್ದರೆ ಹಿಂದಿಯಲ್ಲೋ ಉದಾಹರಣೆ ಕೊಟ್ಟೋ ಹೇಳಿ, ಸುಮ್ಮನೆ ನಿಲ್ಲಬೇಡಿ.

ದಾಖಲೆಯಲ್ಲಿ ನಮ್ಮವರು ಪ್ರತಿವರ್ಷ ಸಿಕ್ಕಿಬೀಳುವ ಜಾಗ ಜಾತಿ ಪ್ರಮಾಣಪತ್ರ. ಇವು ಕೇಂದ್ರದ ಸಂಸ್ಥೆಗಳು, ಇಲ್ಲಿ ರಾಜ್ಯದ 2ಎ, 3ಬಿ ನಡೆಯುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಒಬಿಸಿ ಪಟ್ಟಿಯಲ್ಲಿದೆಯೇ ನೋಡಿ, ಇದ್ದರೆ ಕೇಂದ್ರದ ನಮೂನೆಯಲ್ಲೇ ಕೆನೆಪದರ ರಹಿತ ಪ್ರಮಾಣಪತ್ರವನ್ನು ತಹಶೀಲ್ದಾರ್ ಕಚೇರಿಯಿಂದ ಈಗಲೇ ಮಾಡಿಸಿ. 2025ರಲ್ಲಿ ಎರಡೂ ಸಂಸ್ಥೆಗಳಿಗೆ ಡೀಮ್ಡ್ ವಿಶ್ವವಿದ್ಯಾಲಯದ ಮಾನ್ಯತೆ ಸಿಕ್ಕಿದೆ, ಆದ್ದರಿಂದ ಈ ಸಲದ ಪ್ರಕಟಣೆಯಲ್ಲಿ ನಿಮ್ಮ ಕೋರ್ಸಿಗೆ ಡಿಪ್ಲೊಮಾ ಎಂದಿದೆಯೋ ಪದವಿ ಎಂದಿದೆಯೋ ಗಮನಿಸಿ, ಮುಂದೆ ಪಿಎಚ್‌ಡಿ ಯೋಚನೆ ಇದ್ದರೆ ಅದು ಬೇಕಾಗುತ್ತದೆ. ಕೊನೆಯ ಸೆಮಿಸ್ಟರಿನವರು ಅಂಕಪಟ್ಟಿಯನ್ನು ಯಾವ ತಾರೀಕಿನೊಳಗೆ ಕೊಡಬೇಕು ಎಂಬುದೂ ಅದರಲ್ಲೇ ಇರುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಫಲಿತಾಂಶ ತಡವಾಗುವುದುಂಟು, ಪರೀಕ್ಷಾ ವಿಭಾಗಕ್ಕೆ ಮುಂಚೆಯೇ ಅರ್ಜಿ ಕೊಟ್ಟು ತಾತ್ಕಾಲಿಕ ಪ್ರಮಾಣಪತ್ರ ಕೇಳಿಟ್ಟಿರಿ.