ಮ್ಯಾಡಿಸನ್‌ಗೆ ಹೊರಟ ಚಿಕ್ಕಮ್ಮನಿಗೆ, ಹಿತ್ತಲಿನ ವಿಷಯ

ಚಿಕ್ಕಮ್ಮ, ನಿಮ್ಮ ಮೆಸೇಜ್ ಈಗ ನೋಡಿದೆ. ಏಪ್ರಿಲ್ ಕೊನೆಗೆ ಅಮೆರಿಕದ ವಿಸ್ಕಾನ್ಸಿನ್ ರಾಜ್ಯಕ್ಕೆ, ಮ್ಯಾಡಿಸನ್‌ನಲ್ಲಿರುವ ಮಗಳ ಮನೆಗೆ ಬರುತ್ತಿದ್ದೀರಿ, ಆರು ತಿಂಗಳು ಸುಮ್ನೆ ಕೂರೋಕೆ ಆಗಲ್ಲ, ಹಿತ್ತಲಲ್ಲಿ ತರಕಾರಿ ಹಾಕುತ್ತೇನೆ, ಯಾವ ಬೀಜ ತರಲಿ ಅಂತ ಕೇಳಿದ್ದೀರಿ. ಅವರೆ, ಮೆಣಸಿನಕಾಯಿ, ಟೊಮೆಟೊ, ಜೊತೆಗೆ ಒಂದು ಕರಿಬೇವಿನ ಸಸಿ ಅಂತ ಪಟ್ಟಿ ಬೇರೆ! ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡಿದುಕೊಂಡು ಕೇಳಿ.

ಬೀಜವನ್ನು ಸೂಟ್‌ಕೇಸಿನಲ್ಲಿ ತರಲೇಬೇಡಿ. ಬಿತ್ತುವ ಬೀಜಕ್ಕೆ ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದರೆ ರೋಗ, ಕೀಟ ಇಲ್ಲ ಅನ್ನುವ ಸರ್ಕಾರಿ ಪತ್ರ ಕೇಳುತ್ತಾರೆ. ಕರಿಬೇವಂತೂ ಎಲೆಯೂ ಬೇಡ, ಸಸಿಯೂ ಬೇಡ. ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಕೀಟ ಅದರ ಜೊತೆ ಬರುತ್ತದೆ ಅಂತ ಬಹಳ ಕಟ್ಟುನಿಟ್ಟು. ಮೆಂತ್ಯ, ಕೊತ್ತಂಬರಿಗೆ ಇಲ್ಲಿನ ಇಂಡಿಯನ್ ಅಂಗಡಿಯ ಕಾಳೇ ಸಾಕು, ಚೆನ್ನಾಗಿ ಮೊಳೆಯುತ್ತದೆ.

ಆಮೇಲೆ ವಿಸ್ಕಾನ್ಸಿನ್‌ನ ಏಪ್ರಿಲ್. ನೀವು ಬಂದ ವಾರವೇ ಒಂದು ದಿನ 25 ಡಿಗ್ರಿ ಬಿಸಿಲು ಬಂದರೂ ಬರಬಹುದು. ಜನ ಚಡ್ಡಿ ಹಾಕಿಕೊಂಡು ಕೆರೆ ಕಡೆ ಹೊರಡುತ್ತಾರೆ. ಅಂಗಡಿ ಮುಂದೆ ಟೊಮೆಟೊ ಸಸಿ ಸಾಲಾಗಿ ಇಟ್ಟಿರುತ್ತಾರೆ. ನಂಬಬೇಡಿ. ಮೇ ಎರಡನೇ ವಾರ ದಾಟುವವರೆಗೂ ರಾತ್ರಿ ಸೊನ್ನೆಗೆ ಇಳಿಯುವ ಭಯ ಇದ್ದೇ ಇರುತ್ತದೆ. ಒಂದೇ ರಾತ್ರಿಯ ಹಿಮ ಸಾಕು, ಬೆಳಿಗ್ಗೆ ಎಲೆಯೆಲ್ಲ ಬೇಯಿಸಿ ಬಿಟ್ಟ ಸೊಪ್ಪು. ಇಲ್ಲಿನ ಹಳಬರು ಮದರ್ಸ್ ಡೇ ಕಳೆಯಲಿ ಅನ್ನುತ್ತಾರೆ, ಅಂದರೆ ಮೇ ಎರಡನೇ ಭಾನುವಾರ. ನಾನು ಇನ್ನೂ ಒಂದು ವಾರ ಜಾಸ್ತಿ ಕಾಯುತ್ತೇನೆ. ಗಾಳಿ ಬೆಚ್ಚಗಾದರೆ ಸಾಲದು, ಮಣ್ಣು ಬೆಚ್ಚಗಾಗಬೇಕು. ಮಣ್ಣು 15 ಡಿಗ್ರಿ ಮುಟ್ಟದೆ ಟೊಮೆಟೊ ನೆಟ್ಟರೆ ಅದು ಸಾಯುವುದೂ ಇಲ್ಲ, ಬೆಳೆಯುವುದೂ ಇಲ್ಲ.

ಅಲ್ಲಿಯವರೆಗೆ ಕೈ ಕಟ್ಟಿ ಕೂರಬೇಕಿಲ್ಲ. ಬಟಾಣಿ, ಪಾಲಕ್, ಮೂಲಂಗಿ, ಮೆಂತ್ಯ ಚಳಿಗೆ ಹೆದರುವುದಿಲ್ಲ, ಬಂದ ತಕ್ಷಣ ಹಾಕಿ. ಮೆಣಸಿನಕಾಯಿ, ಬದನೆ, ಟೊಮೆಟೊ ಬೀಜವನ್ನು ಮಗಳು ಈ ಮಾರ್ಚ್‌ನಲ್ಲೇ ಬೇಸ್‌ಮೆಂಟಿನಲ್ಲಿ ಲೈಟಿನ ಕೆಳಗೆ ಹಾಕಲಿ. ಆ ಸಸಿಗಳನ್ನು ಒಮ್ಮೆಲೇ ಬಿಸಿಲಿಗೆ ಒಡ್ಡಬೇಡಿ, ಎಲೆ ಬಿಳಿಚಿಕೊಂಡು ಸುಟ್ಟುಹೋಗುತ್ತದೆ. ಮೊದಲ ದಿನ ನೆರಳಲ್ಲಿ ಒಂದು ಗಂಟೆ, ಮರುದಿನ ಎರಡು, ಹೀಗೆ ಒಂದು ವಾರ ಹೊರಗೆ ಇಟ್ಟು ಒಳಗೆ ತನ್ನಿ. ಮೊಮ್ಮಗಳಿಗೆ ಆ ಕೆಲಸ ಕೊಡಿ, ಖುಷಿಯಾಗಿ ಮಾಡುತ್ತಾಳೆ.

ಅವರೆಯ ಆಸೆ ಬಿಡಿ ಅಂತ ಹೇಳೋಕೆ ನನಗೂ ಬೇಜಾರು. ನಮ್ಮ ಸೊಗಡಿನ ಅವರೆ ಹಗಲು ಚಿಕ್ಕದಾದರೆ ಮಾತ್ರ ಹೂ ಬಿಡುತ್ತದೆ, ಅದಕ್ಕೇ ಊರಲ್ಲಿ ಸಂಕ್ರಾಂತಿ ಹೊತ್ತಿಗೆ ಕಾಯಿ. ಇಲ್ಲಿ ಜೂನ್‌ನಲ್ಲಿ 15 ಗಂಟೆಗೂ ಜಾಸ್ತಿ ಹಗಲು. ಬಳ್ಳಿ ಬೇಲಿ ತುಂಬ ಹಬ್ಬುತ್ತದೆ, ಹೂ ಮಾತ್ರ ಇಲ್ಲ. ಹಗಲು 12 ಗಂಟೆಗೆ ಇಳಿಯುವುದು ಸೆಪ್ಟೆಂಬರ್ ಕೊನೆಗೆ, ಅಕ್ಟೋಬರ್‌ನಲ್ಲಿ ಹಿಮ ಬಿದ್ದು ಎಲ್ಲಾ ಮುಗಿಯಿತು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3, 4 ತಳಿಗಳಿಗೆ ಈ ಹಗಲಿನ ಹಂಗಿಲ್ಲ. ಆದರೆ ಬೀಜ ತರಬೇಕಲ್ಲ, ಮತ್ತೆ ಅದೇ ಸರ್ಟಿಫಿಕೇಟ್! ಬದಲಿಗೆ ಹುರುಳಿಕಾಯಿ ಹಾಕಿ. ಸುತ್ತ ಎರಡು ಅಡಿ ಎತ್ತರಕ್ಕೆ ಸಣ್ಣ ಕಣ್ಣಿನ ತಂತಿ ಬಲೆ ಕಟ್ಟಿಸಿ. ಮೊಲ ನೋಡೋಕೆ ಮುದ್ದು, ಆದರೆ ಹುರುಳಿಕಾಯಿ ಮೊಳಕೆ ಸಾಲನ್ನು ಒಂದೇ ರಾತ್ರಿಯಲ್ಲಿ ಬೋಳಿಸುತ್ತದೆ.

ನಿಮಗೆ ಬೇಕಾದ ಸೊಪ್ಪಿಗೆ ಯೋಚನೆ ಬೇಡ. ಶನಿವಾರ ಕ್ಯಾಪಿಟಲ್ ಕಟ್ಟಡದ (ಇಲ್ಲಿನ ವಿಧಾನಸೌಧ) ಸುತ್ತ ಡೇನ್ ಕೌಂಟಿ ಫಾರ್ಮರ್ಸ್ ಮಾರ್ಕೆಟ್ ಸೇರುತ್ತದೆ. 1972ರಿಂದ ನಡೆಯುತ್ತಿದೆ, ಬೆಳೆದವರೇ ಬಂದು ಮಾರಬೇಕು, ದಲ್ಲಾಳಿಗಳಿಗೆ ಜಾಗ ಇಲ್ಲ. ಅಲ್ಲಿ ಹ್ಮಾಂಗ್ ಜನರ ಅಂಗಡಿಗಳನ್ನು ಹುಡುಕಿ. ವಿಯೆಟ್ನಾಂ ಯುದ್ಧ ಮುಗಿದ ಮೇಲೆ ಲಾವೋಸ್‌ನಿಂದ ಬಂದು ನೆಲೆಸಿದವರು. ಹಾಗಲಕಾಯಿ, ಮಜ್ಜಿಗೆ ಹುಲ್ಲು, ಕೆಲವೊಮ್ಮೆ ಎಳೆ ಕುಂಬಳ ಕುಡಿ ಕೂಡ ಸಿಗುತ್ತದೆ. ಒಂದು ಎಚ್ಚರಿಕೆ: ಅಲ್ಲಿ ಜನ ಎಲ್ಲರೂ ಅಪ್ರದಕ್ಷಿಣೆ ಸುತ್ತುತ್ತಾರೆ. ನೀವು ದೇವಸ್ಥಾನದ ಅಭ್ಯಾಸದಂತೆ ಕಟ್ಟಡವನ್ನು ಬಲಕ್ಕೆ ಇಟ್ಟುಕೊಂಡು ಹೊರಟರೆ ಇಡೀ ಮ್ಯಾಡಿಸನ್ ಎದುರಿಂದ ಬರುತ್ತದೆ.

ಪಕ್ಕದ ಮನೆಯವರು ಮೇ ಕೊನೆಗೆ ಕೆಂಪು ದಂಟಿನ ರೂಬಾರ್ಬ್ ತಂದು ಕೊಟ್ಟರೆ ತೆಗೆದುಕೊಳ್ಳಿ. ಇಲ್ಲಿ ಬೇಡ ಅನ್ನುವುದು ಕಷ್ಟ, ಆಗಸ್ಟ್‌ನಲ್ಲಿ ಝುಕೀನಿ ಅನ್ನುವ ಸೌತೆಯಂಥ ಕಾಯಿಯನ್ನಂತೂ ಬಾಗಿಲಲ್ಲೇ ಬಿಟ್ಟು ಹೋಗುತ್ತಾರೆ. ರೂಬಾರ್ಬ್‌ಗೆ ಅವರು ಸಕ್ಕರೆ ಸುರಿದು ಪೈ ಮಾಡುತ್ತಾರೆ. ನಾನು ಗೊಜ್ಜು ಮಾಡುತ್ತೇನೆ, ಹುಣಸೆಯೇ ಬೇಡ, ಅಷ್ಟು ಹುಳಿ. ಆದರೆ ಎಲೆ ವಿಷ. ಅಗಲವಾದ ಎಲೆ ಕಂಡರೆ ನಿಮ್ಮ ಕೈ ಪತ್ರೊಡೆಗೆ ತುರಿಸುತ್ತದೆ ಅಂತ ಗೊತ್ತು, ದಯವಿಟ್ಟು ಕಸಕ್ಕೇ ಹಾಕಿ.

ಮರೆಯುವ ಮುಂಚೆ ಇನ್ನೊಂದು. ನಿಮ್ಮ ಮಗಳು ಹೋದ ಬಾರಿ ಹಾಕಿದ ಫೋಟೋದಲ್ಲಿ ಹಿಂದುಗಡೆ ಒಂದು ದೊಡ್ಡ ಮರ ಕಾಣಿಸಿತು. ಅದು ಕಪ್ಪು ವಾಲ್‌ನಟ್ ಇದ್ದರೆ ಪಾತಿ ಅಲ್ಲಿ ಬೇಡ. ಅದರ ಬೇರಿನಿಂದ ಜಗ್ಲೋನ್ ಅನ್ನುವ ಅಂಶ ಮಣ್ಣಿಗೆ ಇಳಿಯುತ್ತದೆ. ನೀರು ಹಾಕಿದರೂ ಟೊಮೆಟೊ, ಬದನೆ ಬಾಡಿ ಸಾಯುತ್ತವೆ. ಮರದಿಂದ 50 ಅಡಿಯಾದರೂ ದೂರ ಇರಬೇಕು. ಜಾಗ ಸಾಲದಿದ್ದರೆ ದೊಡ್ಡ ಕುಂಡದಲ್ಲಿ ಬೆಳೆಸಿದರಾಯಿತು. ನೆಲದಲ್ಲಿ ಹಳೇ ಕಾಯಿ ಬಿದ್ದಿದೆಯಾ, ದುಂಡಗೆ, ಕಪ್ಪು ಸಿಪ್ಪೆ, ಮುಟ್ಟಿದರೆ ಕೈಗೆ ಬಣ್ಣ ಹತ್ತುವಂಥದ್ದು? ಅವಳಿಗೆ ಹೇಳಿ, ಇವತ್ತೇ ನೋಡಿ ಗ್ರೂಪಿಗೆ ಒಂದು ಫೋಟೋ ಹಾಕಲಿ. ಪಾತಿ ಎಲ್ಲಿ ಅಂತ ಆಮೇಲೆ ಹೇಳುತ್ತೇನೆ.